ದರ್ಜಿ ಅಜ್ಜಿಯ ಮೀಸೆ

ಬ್ಯಾಡಗಿಯ ನಮ್ಮ ಓಣಿಯ ದರ್ಜಿ ಅಜ್ಜಿ ಮುರಿದುಕೊಂಡದ್ದು ಎಡಗಾಲೋ ಬಲಗಾಲೋ, ನನಗೀಗ ಖಾತ್ರಿಯಿಲ್ಲ. ಎಡಗಾಲು ಎಂದಿಟ್ಟುಕೊಳ್ಳೋಣ. ಪ್ಲಾಸ್ಟರ್ ಬಿಚ್ಚಿದಾಗ ಮೀನಖಂಡ ಕರಗಿ ಕಾಲು ಗಜಕೋಲಿನಂತಾಗಿತ್ತು. ಹೊಲಿಗೆ ಯಂತ್ರದ ಪೆಡಲ್ ತುಳಿಯಲಾಗಲಿಲ್ಲ. ಸೊಸೆ ಮೋಟರ್ ಹಚ್ಚಿಸುತ್ತೇನೆಂದಳು.

"ಮೋಟರ್ ಹೊಲಿಯೋದಾದ್ರ ನಾ ಯಾಕ ಬೇಕವಾ?" ಎಂದು ಅಜ್ಜಿ ಪಕ್ಕದ ಮನೆಯ ನನ್ನನ್ನು ಕರೆದುಕೊಂಡು ರಾಣೆಬೆನ್ನೂರಿನ ಡಾಕ್ಟರ ಹತ್ತಿರ ಹೊರಟಳು.

ಡಾಕ್ಟರು ವ್ಯಾಯಾಮ ಹೇಳಿಕೊಟ್ಟು, ಸ್ನಾಯು ತುಂಬಲೆಂದು ಹಾರ್ಮೋನ್ ಇಂಜೆಕ್ಷನ್ ಶುರು ಮಾಡಿದರು. "ಮೀಸಿ ಚಿಗುರಿದ್ರ, ದನಿ ದಪ್ಪಾದ್ರ ಲಗೂ ಹೇಳ್ರಿ. ನಿಲ್ಲಸ್ತೇನಿ."

"ಮೀಸಿ ಬಂದ್ರ ಬರಲಿ, ಕಾಲು ಬರಲಿ!"

ಎರಡೂ ಬಂದವು. ಟೇಪು ಹಿಡಿದರೆ ಕಾಲು ಅರ್ಧ ಇಂಚು ತುಂಬಿತ್ತು. ಮೀಸೆ ಅದಕ್ಕಿಂತ ಚುರುಕು. ಇಂಜೆಕ್ಷನ್ ನಿಂತೀತೆಂಬ ಭಯಕ್ಕೆ ಅಜ್ಜಿ ಪ್ರತಿ ಸಲ ಹೊರಡುವ ಮುನ್ನ ಹೊಲಿಗೆ ದಾರವನ್ನು ಹಲ್ಲಿನಲ್ಲಿ ಕಚ್ಚಿ ತಿರುವಿ ಕೂದಲು ಕೀಳುತ್ತಿದ್ದಳು. ಕನ್ನಡಿ ಹಿಡಿಯುವುದು ನನ್ನ ಕೆಲಸ. ಡಾಕ್ಟರ ಮುಂದೆ ಅವಳು ಬಾಯಿ ಬಿಡುತ್ತಿರಲಿಲ್ಲ, ಉತ್ತರವೂ ನನ್ನದೇ.

ಆರನೆಯ ಸಲ ಸೂಜಿ ಜೋರಾಗಿ ನೋಯಿತೇನೋ, "ಅಯ್ಯೋ ಯಪ್ಪಾ!" ಎಂಬ ಗಂಡುದನಿ ಕೋಣೆ ತುಂಬಿತು. ಡಾಕ್ಟರು ಬಾಗಿಲತ್ತ ನೋಡಿದರು.

"ಹೊರಗ ಯಾರೋ ಅಜ್ಜಾರು ಅದಾರ್ರಿ," ಎಂದೆ.

ಹೊರಗೆ ಯಾರೂ ಇರಲಿಲ್ಲ.

"ಇನ್ನ ಇಂಜೆಕ್ಷನ್ ಬಂದ್," ಎಂದರು ಡಾಕ್ಟರು. "ಕಾಲಿಗೆ ಕೆಲಸಾ ಕೊಡ್ರಿ."

ಮನೆಗೆ ಬಂದರೆ ಸೊಸೆ ಮೋಟರ್ ತಂದಿಟ್ಟುಕೊಂಡು ಯಂತ್ರದ ಮುಂದೆ ಕುಳಿತಿದ್ದಳು. ಬಾಗಿಲಲ್ಲೇ ನಿಂತು ಅಜ್ಜಿ ಗುಡುಗಿದಳು: "ಏಳs ಅಲ್ಲಿಂದ!"

ಯಾರೋ ಹಿರಿಯ ಗಂಡಸರು ಬಂದರೆಂದು ಸೊಸೆ ತಿರುಗಿ ನೋಡದೆ, ಗಾಬರಿಯಿಂದ ತಲೆಯ ಮೇಲೆ ಸೆರಗೆಳೆದುಕೊಂಡು ಎದ್ದು ನಿಂತಳು. ಅಜ್ಜಿ ಹೋಗಿ ಕುಳಿತಳು. ಮೊಣಕಾಲನ್ನು ಕೈಯಿಂದ ಒತ್ತಿ ಒತ್ತಿ, ಪೆಡಲ್ ತುಳಿದಳು.