ಹಸು ಹಾಲಿಳಿಸಲಿಲ್ಲ ಎಂದ ಭಾನುವಾರಗಳು

ಪ್ರೇಮಾ, ನಿನ್ನ ಕರಾಟೆ ಕ್ಲಾಸನ್ನು ನಿಲ್ಲಿಸಿದವಳು ನಾನು. ಆರು ವರ್ಷದಿಂದ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನೀನು ಬಡಿಸಿದ ಮುದ್ದೆ ಉಂಡಿದ್ದೇನೆ. ಎದುರಿಗೆ ಹೇಳಲು ನಾಲಿಗೆ ಏಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಅತ್ತೆ ಓದಿದ್ದು ನಾಲ್ಕನೇ ಕ್ಲಾಸು — ಒತ್ತು ಗಿತ್ತು ತಪ್ಪಿದ್ದರೆ ನೀನೇ ಸರಿಮಾಡಿಕೊಂಡು ಓದು.

ಮೊನ್ನೆ ಚನ್ನರಾಯಪಟ್ಟಣದಲ್ಲಿ ನಮ್ಮ ಕಾವ್ಯ ಬಿಳಿ ಬಟ್ಟೆ ಹಾಕಿಕೊಂಡು ಪಂದ್ಯಕ್ಕೆ ನಿಂತಾಗ — ಏನಂತ ಬರೆಯಲಿ. ಎದುರಿನ ಹುಡುಗಿಗೆ ತಲೆ ಬಾಗಿಸಿದಳಲ್ಲ, ಅಷ್ಟಕ್ಕೇ ನನ್ನ ಕಣ್ಣು ತುಂಬಿತು. ಮೊಮ್ಮಗಳು ಗೆದ್ದಾಗ ಅಂಗೈ ಉರಿಯುವ ತನಕ ಚಪ್ಪಾಳೆ ಹೊಡೆದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಯಾರವ್ವ ಆ ಮಗೀಗೆ ಹೇಳ್ಕೊಟ್ಟೋರು?" ಅಂದಳು.

"ನನ್ ಸೊಸೆ ಕಣವ್ವ. ನಮ್ಮೂರ್ ಡೈರೀಲಿ ಸೆಕ್ರೆಟ್ರಿ. ಸಂಜೆ ಹಾಲಿಗೆ ಮುಂಚೆ ಹಿತ್ಲಲ್ಲಿ ಹೇಳ್ಕೊಡ್ತಾಳೆ."

ಎದೆ ಉಬ್ಬಿಸಿಕೊಂಡು ಅಂದೆ ಪ್ರೇಮಾ. ನಾನೇ ಏನೋ ಕಲಿಸಿದವಳ ಹಾಗೆ. ನಾಚಿಕೆಯೂ ಆಗಲಿಲ್ಲ.

ನಾಚಿಕೆ ಆದದ್ದು ಆಮೇಲೆ. ಶೋಭಾ ಬಂದು ನಿನ್ನ ಕಾಲು ಮುಟ್ಟಿದಳು. ಹಾಸನದ ಶಾಲೆಯಲ್ಲಿ ನಿನ್ನ ಹತ್ತಿರ ಕಲಿತ ಹುಡುಗಿ — ಈಗ ಹೊಳೆನರಸೀಪುರದ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ, ಸಂಜೆ ಮಕ್ಕಳಿಗೆ ಕರಾಟೆ ಕಲಿಸುತ್ತಾಳೆ. "ಆಫೀಸು ಮುಗಿಸ್ಕಂಡು ಓಡ್ತೀನಿ ಮೇಡಂ, ಒಬ್ಳ ಕೈಲಿ ಆಗ್ತಿಲ್ಲ. ಭಾನುವಾರದ ದೊಡ್ಡ ಹುಡುಗೀರ ಕ್ಲಾಸು ನೀವು ತಗೊಳ್ಳಿ" ಅಂದಳು.

ನೀನು ಏನಂದೆ ನೆನಪಿದೆಯಾ? ನಾನು ಮರೆಯಲಾರೆ. "ಬ್ಯಾಡ ಕಣೆ ಶೋಭಾ. ನಿಮ್ಮನ್ನೆಲ್ಲ ಬಿಸ್ಲಲ್ಲಿ ಕಾಯಿಸ್ದೋಳು ನಾನು. ಡೈರೀನೂ ಕ್ಲಾಸೂ ಎರಡೂ ನನ್ ಕೈಲಾಗದ್ ಮಾತು. ಒಂದ್ಸಲ ನೋಡಾಯ್ತಲ್ಲ."

ನನ್ನ ಬಾಯಲ್ಲಿ ಕಾವ್ಯ ಗೆದ್ದದ್ದಕ್ಕೆ ಹಂಚಿದ ಲಾಡು ಇತ್ತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಕೇಳು. ಆ ದಿನಗಳಲ್ಲಿ ಭಾನುವಾರ ಹಾಸನದ ಶಾಲೆಯಲ್ಲಿ ನಿನ್ನ ಕ್ಲಾಸು. ಬೆಳಿಗ್ಗೆ ಏಳಕ್ಕೆ ಡೈರಿ ಬಾಗಿಲು ಹಾಕಬೇಕು, ಏಳೂಕಾಲಿಗೆ ಹಾಸನದ ಬಸ್ಸು. ಅದು ತಪ್ಪಿದರೆ ಇನ್ನೊಂದಕ್ಕೆ ಒಂದು ಗಂಟೆ ಕಾಯಬೇಕು. ಹಾಲು ಅಳೆಯುವುದು, ನೀರು ಬೆರೆತಿದೆಯಾ ಅಂತ ಡಿಗ್ರಿ ನೋಡುವುದು, ಬರೆಯುವುದು ಎಲ್ಲಾ ನೀನೊಬ್ಬಳೇ. ಆದರೂ ಹೊತ್ತಾಗಿ ಬಂದವರ ಹಾಲನ್ನು ನೀನು ಯಾವತ್ತೂ ವಾಪಸ್ಸು ಕಳಿಸಿದವಳಲ್ಲ. ಕರೆದು ತಂದ ಹಾಲನ್ನು ತಿರುಗಿ ಮನೆಗೆ ಹೊರಿಸಬಾರದು ಅನ್ನುತ್ತಿದ್ದೆ. ನಿನ್ನ ಆ ಒಳ್ಳೆಯ ಗುಣವನ್ನೇ ನಾನು ಬಳಸಿಕೊಂಡೆ.

ನಮ್ಮ ಹಸು ಆರು ಗಂಟೆಗೇ ಹಾಲು ಕೊಟ್ಟಿರುತ್ತಿತ್ತು. ಕ್ಯಾನಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಕೊಟ್ಟಿಗೆಯಲ್ಲಿ ಸುಮ್ಮನೆ ಕೂತಿರುತ್ತಿದ್ದೆ. ಊರವರೆಲ್ಲ ಹಾಕಿ ಹೋಗಲಿ ಅಂತ. ಏಳು ಹೊಡೆದ ಮೇಲೆ ಎದ್ದು ನಿಧಾನಕ್ಕೆ ಬರುತ್ತಿದ್ದೆ; ನೀನು ಅಳೆದು ಬರೆಯುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಪ್ರತಿ ಭಾನುವಾರ ಅಲ್ಲ — ಹಾಗೆ ಮಾಡಿದರೆ ಗೊತ್ತಾಗುತ್ತಿತ್ತಲ್ಲ. ತಿಂಗಳಿಗೆ ಎರಡು ಸಲ, ಒಮ್ಮೊಮ್ಮೆ ಮೂರು. "ಹಸ ಹಾಲೇ ಇಳಿಸ್ನಿಲ್ಲ ಕಣಮ್ಮಿ" ಅನ್ನುತ್ತಿದ್ದೆ. ನೀನು ಬಸ್ಸಿನ ಕಡೆ ಒಂದು ಸಲ ನೋಡಿ, ಅಳೆಯುವ ಪಾತ್ರೆ ಎತ್ತಿಕೊಂಡು, "ಓಗ್ಲಿ ಬುಡಿ ಅತ್ತೆ. ಮೂಕ್ ಪ್ರಾಣಿ, ಅದ್ಕೇನ್ ಗೊತ್ತು ನನ್ ಬಸ್ಸು" ಅನ್ನುತ್ತಿದ್ದೆ.

ಮೂಕ ಪ್ರಾಣಿಯ ಮೇಲೆ ಹಾಕಿದೆನಲ್ಲ.

ಮಕ್ಕಳ ಬೆಲ್ಟಿನ ಪರೀಕ್ಷೆಯ ದಿನವೂ ಬಿಡಲಿಲ್ಲ ನಾನು. ಪರೀಕ್ಷೆ ಮಾಡುವವರು ಬಂದು ಕಾದು ಹೋದರು. ಹುಡುಗಿಯರು ಹೊಸ ಬೆಲ್ಟಿಲ್ಲದೆ ಮನೆಗೆ ಹೋದರು. ಶೋಭಾನೂ ಅವರಲ್ಲಿ ಒಬ್ಬಳು. ಮುಂದಿನ ವಾರ ಶಾಲೆಯವರು, ಹೊತ್ತಿಗೆ ಸರಿಯಾಗಿ ಬರುವ ಬೇರೆಯವರು ಸಿಕ್ಕಿದ್ದಾರೆ ಅಂತ ನಿನಗೆ ಹೇಳಿದರಂತೆ. ನೀನು ನಿನ್ನ ಕರಾಟೆಯ ಬಿಳಿ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಮಡಚಿಟ್ಟೆ. ಅಳಲಿಲ್ಲ. ಅತ್ತಿದ್ದರೆ ಅವತ್ತೇ ಹೇಳಿಬಿಡುತ್ತಿದ್ದೆನೋ ಏನೋ — ಇಲ್ಲ, ಅದೂ ಸುಳ್ಳು. ಹೇಳುತ್ತಿರಲಿಲ್ಲ.

ಯಾಕೆ ಮಾಡಿದೆ ಅಂತ ಕೇಳುತ್ತೀಯ. ಡೈರಿಗೆ ಹಾಲು ಹಾಕುವ ಸಾಲಿನಲ್ಲಿ ನಮ್ಮೂರ ಸಣ್ಣಮ್ಮ, "ನಿನ್ ಸೊಸೆ ಒದಿಯೋದ್ ಕಲಿಸ್ತಾಳಂತಲ್ಲ, ಮೊದ್ಲು ನಿನ್ಗೇ ಬಿದ್ದಾವು, ನೋಡ್ಕ" ಅಂದಾಗ ಎಲ್ಲರೂ ನಕ್ಕಿದ್ದರು. ಅದು ಚುಚ್ಚಿತ್ತು. ಆದರೆ ಅದೊಂದೇ ಅಲ್ಲ. ಹಾಸನದಿಂದ ಬರುವಾಗ ನಿನ್ನ ಮುಖದಲ್ಲಿ ಒಂದು ಗೆಲುವು ಇರುತ್ತಿತ್ತು. ಅದು ನಮ್ಮ ಮನೆಯಲ್ಲಿ ನಿನಗೆ ಸಿಕ್ಕಿದ್ದಲ್ಲ. ಅದನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇಷ್ಟೇ. ಇದಕ್ಕಿಂತ ಚೆಂದದ ಕಾರಣ ನನ್ನ ಹತ್ತಿರ ಇಲ್ಲ.

ಮೊನ್ನೆ ಅದೇ ಗೆಲುವು ಕಾವ್ಯಳ ಮುಖದಲ್ಲಿತ್ತು. ನಾನು ಮುಚ್ಚಿಸಿದೆ ಅಂದುಕೊಂಡಿದ್ದನ್ನು ನೀನು ಹಿತ್ತಲಿನಲ್ಲಿ ಸದ್ದಿಲ್ಲದೆ ಸಾಕಿದ್ದೆ. ಆ ಮಗುವನ್ನು ಎತ್ತಿಕೊಂಡು ಕುಣಿಯಬೇಕು ಅನ್ನಿಸಿತು. ಈ ವಯಸ್ಸಿನಲ್ಲಿ ಇಷ್ಟು ಸಂತೋಷ ಯಾರಿಗೆ ಸಿಗುತ್ತದೆ, ಅದೂ ನನ್ನಂಥವಳಿಗೆ. ಬಾಯಿ ಮುಚ್ಚಿಕೊಂಡು ಅದನ್ನು ಅನುಭವಿಸಲು ಇನ್ನು ನನ್ನ ಕೈಲಿ ಆಗುವುದಿಲ್ಲ.

ನಿನ್ನೆ ಶೋಭಾಗೆ ಫೋನು ಮಾಡಿ ಎಲ್ಲ ಹೇಳಿದೆ. ಆ ಹುಡುಗಿ, "ಅಜ್ಜಿ, ನನಗೆ ಹೇಳಿದ್ದು ಸಾಕು. ಮೇಡಂಗೆ ಹೇಳಿ" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ನಾಳೆ ಬೆಳಿಗ್ಗೆ ಸಾಲಿನಲ್ಲಿ ನಿಂತು ಸಣ್ಣಮ್ಮನ ಮುಂದೆ, ಎಲ್ಲರ ಮುಂದೆಯೂ ಹೇಳುತ್ತೇನೆ. ಎರಡು ದೋಣಿಯಲ್ಲಿ ಕಾಲಿಟ್ಟವಳು ಅಂತ ನಿನ್ನನ್ನು ಆಡಿಕೊಂಡವರು ಅವರೇ, ಅವರಿಗೂ ಗೊತ್ತಾಗಬೇಕು. ನೀನು ತಡೆಯಬೇಡ.

ನನ್ನನ್ನು ಕ್ಷಮಿಸು ಅಂತ ಕೇಳುತ್ತಿಲ್ಲ. ಮಾತು ಬಿಟ್ಟರೂ ಸರಿಯೇ. ಹೊಳೆನರಸೀಪುರಕ್ಕೆ ಹೋಗುವುದು ಬಿಡುವುದು ನಿನ್ನಿಷ್ಟ, ಮನಸ್ಸಿಲ್ಲದಿದ್ದರೆ ಬೇಡ. ಆದರೆ ನಿನ್ನ ಕೈಲಾಗದು ಅಂತ ಮಾತ್ರ ಆ ಹುಡುಗಿಗೆ ಹೇಳಬೇಡ, ಪ್ರೇಮಾ. ಆಗುತ್ತಿತ್ತು. ಆಗುತ್ತಿದ್ದದ್ದನ್ನು ಕಂಡೇ ನಾನು ತಡೆದದ್ದು.