ಒಬ್ಬರ ಟಿಕೆಟ್ಟಿನ ಬೆಲೆ

ನನ್ನ ಹೆಂಡತಿ ಶಾಂತ ಬದುಕಿದ್ದ ಕೊನೆಯ ಸಂಜೆ ನಮ್ಮ ಮನೆಯಲ್ಲಿ ಕುಡಿತದ ಬಗ್ಗೆ ದೊಡ್ಡ ಜಗಳ ನಡೆಯಿತು. ಹೀಗೆಂದರೆ ನನ್ನನ್ನು ಕುಡುಕನೆಂದುಕೊಂಡೀರಿ. ನಾನು ಮಜ್ಜಿಗೆಗೂ ನೀರು ಬೆರೆಸಿಕೊಳ್ಳುವವನು. ಆದರೆ ಕುಡಿಯುವವರಿಗೆ ನಿಯಮ ಮಾಡುವ ಹೊಣೆ ಹೇಗೋ ನನ್ನ ತಲೆಗೆ ಬಂದಿತ್ತು.

ಹಿರಿಯೂರಿನ ನಮ್ಮ ಬಡಾವಣೆಯ ಸಮುದಾಯ ಭವನಕ್ಕೆ ವೇದಿಕೆ ಇದೆ, ಮೈಕು ಇದೆ, ದಾನಿಗಳ ಹೆಸರು ಕೆತ್ತಿದ ಕಲ್ಲೂ ಇದೆ. ಹೆಂಗಸರಿಗೆ ಶೌಚಾಲಯವಿಲ್ಲ. ಅದನ್ನು ಕಟ್ಟಿಸಲು ಒಂದು ಸಂತೋಷಕೂಟ ಮಾಡಿ ಟಿಕೆಟ್ ಮಾರೋಣವೆಂದು ನಮ್ಮ ಬಳಗ ತೀರ್ಮಾನಿಸಿತ್ತು. ಜಾಗ, ಆದಿವಾಲದ ಹತ್ತಿರ ತಿಪ್ಪೇಸ್ವಾಮಿಯ ತೋಟ.

ಟಿಕೆಟ್ ಎಂಬ ಮಾತಿಗೇ ನಮ್ಮವರು ಮುಜುಗರಪಟ್ಟರು. ಊಟಕ್ಕೆ ಕರೆದು ಬಾಗಿಲಲ್ಲಿ ದುಡ್ಡು ಕೇಳುವುದು ನಮ್ಮ ಕಡೆಯ ಪದ್ಧತಿಯಲ್ಲ. ಮದುವೆಮನೆಯಲ್ಲಿ ಉಂಡು, ಕೈ ತೊಳೆದು, ಮುಯ್ಯಿ ಮಾಡಿ ಬರುತ್ತೇವೆ. ಎಷ್ಟು ಎಂದು ಯಾರೂ ಕೇಳುವುದಿಲ್ಲ. ಎಷ್ಟು ಎಂದು ಎಲ್ಲರಿಗೂ ಗೊತ್ತಿರುತ್ತದೆ. ಹೇಳದೆ ನಡೆಯುತ್ತಿದ್ದ ಇಂಥ ವ್ಯವಹಾರವನ್ನು ಬಾಯಿಬಿಟ್ಟು ಹೇಳುವುದು ಹೇಗೆ ಎಂಬುದೇ ಅಂದಿನ ಸಂಕಟ.

ಇದನ್ನು ಮಾತಾಡಲು ಆ ಸಂಜೆ ತಿಪ್ಪೇಸ್ವಾಮಿಯೂ ಕಡಲೆಕಾಯಿ ವ್ಯಾಪಾರದ ರುದ್ರಣ್ಣನೂ ನಮ್ಮ ಮನೆಗೆ ಬಂದಿದ್ದರು. ರುದ್ರಣ್ಣ, "ದಾಸೋಹ ಅಂದ್ಕಂಡು ಊಟ ಹಾಕಾಣ, ಕೊಡೋರು ಕೊಡ್ತಾರೆ. ಎಣ್ಣೆ ಮಾತು ಮಾತ್ರ ಬ್ಯಾಡ್ರಿ" ಎಂದ.

"ದಾಸೋಹಕ್ಕೆ ಮಠ ಐತಲ್ಲಣ್ಣ, ಅಲ್ಲಿಗೇ ಹೋಗ್ತಾರೆ" ಎಂದ ತಿಪ್ಪೇಸ್ವಾಮಿ. "ಎಣ್ಣೆ ಇಲ್ದಿದ್ರೆ ಟಿಕೆಟ್ ಯಾವನ್ ತಗಂತಾನೆ?"

ಮಂಡಕ್ಕಿ ತಂದಿಟ್ಟ ಶಾಂತ ಅಲ್ಲೇ ನಿಂತಳು. "ಕುಡಿಯೋರು ಕುಡೀಲಿ ಬಿಡ್ರಿ. ಆದ್ರೆ ಹೆಂಡ್ತೀನ ಕರ್ಕಂಡೇ ಬರ್ಬೇಕು. ಜೋಡಿಗೆ ಒಂದು ಟಿಕೆಟ್ಟು. ಒಂಟಿ ಬಂದೋರ್ನ ಗೇಟಲ್ಲೇ ನಿಲ್ಸ್ರಿ."

"ಅಕ್ಕಾ, ಹೆಂಡ್ತಿ ಪಕ್ಕದಾಗೆ ಕುಂತ್ರೆ ಗಂಟ್ಲಾಗೆ ಎಲ್ಲಿ ಇಳೀತೈತೆ?" ಎಂದ ತಿಪ್ಪೇಸ್ವಾಮಿ.

"ಅದ್ಕೇ ಹೇಳಿದ್ದು ಕಣಪ್ಪ."

ಅದೆಲ್ಲ ಆಗದ ಮಾತು ಎಂದೆ ನಾನು. "ನೀವು ಆಗಲ್ಲ ಅಂದ್ರಲ್ಲ, ಹಂಗಾದ್ರೆ ಸರಿಯಾಗೇ ಐತೆ" ಎಂದು ಅವಳು ಒಳಗೆ ಹೋದಳು. ಇಬ್ಬರೂ ನನ್ನನ್ನು ನೋಡಿ ನಕ್ಕರು. ಅವಳ ನಿಯಮವೇ ಗಟ್ಟಿಯಾಯಿತು.

ಮರುದಿನ ಬೆಳಿಗ್ಗೆ ಅವಳು ಎದೆ ನೋವೆಂದಳು. ಚಿತ್ರದುರ್ಗದ ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು.

ಕೂಟ ಮುಂದಕ್ಕೆ ಹೋಯಿತು. ಕೆಲವು ತಿಂಗಳು ಕಳೆದ ಮೇಲೆ ಮೊನ್ನೆ ಇಬ್ಬರೂ ಮತ್ತೆ ಬಂದರು. ಊಟಕ್ಕೆ ಮುದ್ದೆಯೋ ಅನ್ನವೋ, ಶಾಮಿಯಾನ ಬೇಕೋ ಬೇಡವೋ, ಎಲ್ಲ ಮಾತಾಡಿದರು. ಟಿಕೆಟ್ ಬಗ್ಗೆ ಮಾತ್ರ ಇಲ್ಲ. ಜೋಡಿ ಎಂಬ ಪದ ನನ್ನೆದುರು ಬಾರದಂತೆ ಅವರು ಪಡುತ್ತಿದ್ದ ಪಾಡು ನೋಡಿ ನಾನೇ ಕೇಳಿದೆ: "ನನಗೇನು ರೇಟು?"

"ನಿನ್ನ ಹತ್ರ ದುಡ್ಡು ಇಸ್ಕಂತೀವೇನಣ್ಣ? ಸುಮ್ನೆ ಬಾ" ಎಂದ ತಿಪ್ಪೇಸ್ವಾಮಿ.

"ಸುಮ್ನೆ ಅಂದ್ರೆ ಅವರಿಗೆ ಬೇಜಾರಾಗುತ್ತಪ್ಪ. ಅರ್ಧ ಇಟ್ಕಳಾಣ" ಎಂದ ರುದ್ರಣ್ಣ.

ಇಬ್ಬರ ಮನಸ್ಸೂ ಒಳ್ಳೆಯದೇ. ಆದರೆ ಪುಕ್ಕಟೆ ಉಂಡರೆ ತಿಥಿಯೂಟ ಉಂಡಂತೆ. ಅರ್ಧ ಟಿಕೆಟ್ ಬಸ್ಸಿನಲ್ಲಿ ಮಕ್ಕಳಿಗೆ ಕೊಡುತ್ತಾರೆ. ಅವರು ಬೆಳೆದು ಪೂರ್ತಿಯಾಗುತ್ತಾರೆಂಬ ಭರವಸೆ ಅದರಲ್ಲಿರುತ್ತದೆ. ನಾನು ಇನ್ನು ಪೂರ್ತಿಯಾಗುವ ಬಗೆ ಯಾವುದು? ಜೋಡಿಯ ಬೆಲೆಯನ್ನೇ ಕೊಟ್ಟರೆ ಪಕ್ಕದ ಎಲೆಯನ್ನೂ ಹಾಕಿಸಬೇಕು, ಅದನ್ನು ಖಾಲಿ ಬಿಡಬೇಕು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಶಾಂತ ಧರ್ಮಪುರದ ತವರಿಗೆ ಹೋಗುವಾಗಲೆಲ್ಲ, ನನ್ನೊಬ್ಬನ ಟಿಕೆಟ್ಟೇ ದಂಡವೆಂದು ಗೊಣಗುತ್ತಿದ್ದಳು. ಇಷ್ಟು ವರ್ಷ ಟಿಕೆಟ್ ತೆಗೆದುಕೊಂಡಿದ್ದೇನೆ. ಒಬ್ಬರಿಗೆ ಎಷ್ಟು ಎಂದು ಕೇಳಲು ಇಷ್ಟು ಹಿಂಜರಿದದ್ದು ಇದೇ ಮೊದಲು.

ನಮ್ಮ ಬಡಾವಣೆಯಲ್ಲಿ ಗಂಡ ಸತ್ತವರು, ಮದುವೆಯಾಗದವರು, ಬಿಟ್ಟುಬಂದವರು ಎಷ್ಟು ಜನರಿದ್ದಾರೆಂಬುದೂ ಆಗಲೇ ನೆನಪಾಯಿತು. ಶೌಚಾಲಯ ಅವರಿಗೂ ಬೇಕು. ಇಬ್ಬರಾಗಿ ಇದ್ದವರು ಮಾಡಿದ ನಿಯಮ ಅದು. ಒಬ್ಬರಾಗಿ ಬರುವವರು ಗೇಟಿನಾಚೆಯೇ ಉಳಿಯುತ್ತಾರೆಂಬುದು ನಮಗ್ಯಾರಿಗೂ ಹೊಳೆದಿರಲಿಲ್ಲ, ಅಷ್ಟು ಚುರುಕಾದ ಶಾಂತಳಿಗೂ.

"ತಲೆಗೊಂದು ಟಿಕೆಟ್ ಮಾಡಿ. ಜೋಡಿ ಬಂದರೆ ಎರಡು ತಗೊಳ್ಳಲಿ. ಹೆಂಡ್ತಿ ಪಕ್ಕದಲ್ಲಿರಬೇಕು ಅನ್ನೋ ಕಡಿವಾಣ ಹೋದ ಮೇಲೆ ಕುಡಿಯೋದು ಬೇಡ" ಎಂದೆ.

"ಆಗ್ಲಿ" ಎಂದ ರುದ್ರಣ್ಣ. ಎಣ್ಣೆಗಾಗಿ ಅಷ್ಟು ಹಟ ಹಿಡಿದಿದ್ದ ತಿಪ್ಪೇಸ್ವಾಮಿಯೂ ತಲೆ ತಗ್ಗಿಸಿ, "ನೀನು ಹೇಳ್ದಂಗೆ ಆಗ್ಲಣ್ಣ" ಎಂದ. ಇಬ್ಬರೂ ಎದ್ದು ಹೋದರು.

ನಾನು ಹೇಳಿದ್ದು ತಪ್ಪೋ ಸರಿಯೋ ತಿಳಿಯಲಿಲ್ಲ. ಒಳಬಾಗಿಲ ಕಡೆ ನೋಡಿದೆ. ಅಲ್ಲ ಎನ್ನಲು ಅಲ್ಲಿ ಯಾರೂ ಇಲ್ಲ.