ಮೊದಲ ಮುಳ್ಳುಸೌತೆ ಯಾರಿಗೆ

ಸಿಡ್ನಿಯ ನಿಮ್ಮ ಚಿಕ್ಕಮ್ಮ ಕೊಟ್ಟ ಬೀಜದಿಂದ ಮೆಲ್ಬರ್ನಿನ ಗ್ಲೆನ್ ವೇವರ್ಲಿಯ ಈ ಹಿತ್ತಿಲಿನಲ್ಲಿ ಮುಳ್ಳುಸೌತೆ ಬಳ್ಳಿ ಎದ್ದು ಮೊದಲ ಕಾಯಿ ಬಿಟ್ಟಾಗ, ಅದನ್ನು ಕೊಡುವ ತನಕ ಯಾರೂ ಬಳ್ಳಿ ಮುಟ್ಟಬಾರದು ಎಂದೆ. ಮಾತು ತಾನಾಗಿ ಬಾಯಿಗೆ ಬಂದಿತ್ತು. ಯಾರಿಗೆ ಕೊಡುವುದೆಂದು ಮೊಮ್ಮಕ್ಕಳು ನೀವಿಬ್ಬರೂ ಕೇಳಿದಿರಿ. ನನಗೂ ತಿಳಿಯಲಿಲ್ಲ.

ನನ್ನ ತವರಿನವರು ಪುತ್ತೂರಿನ ಕಡೆಯ ಗೇಣಿ ಒಕ್ಕಲು. ಗದ್ದೆ ದಣಿಗಳದ್ದು, ದುಡಿಮೆ ನಮ್ಮದು. ಮೊದಲ ಕಾಯಿ ದಣಿಗಳ ಮನೆಗೆ ಹೋಗದೆ ನಾವು ಮಕ್ಕಳು ಒಂದು ಎಳೆ ಸೌತೆಯನ್ನೂ ಕಚ್ಚುವಂತಿರಲಿಲ್ಲ. ಅಮ್ಮ ಅದನ್ನು ಅವರ ಅಂಗಳದಲ್ಲಿಟ್ಟು, ಅವರು ಹೊರಗೆ ಬರುವವರೆಗೆ ಬಿಸಿಲಲ್ಲಿ ನಿಲ್ಲುತ್ತಿದ್ದರು. ಮುಂದೆ ಸರಕಾರದ ಕಾನೂನು ಬಂದು ಗದ್ದೆ ನಮ್ಮ ಹೆಸರಿಗಾಯಿತು. ಆದರೂ ಅಮ್ಮ ಕಾಯಿ ಹಿಡಿದು ಹೊರಟರು. "ಇನ್ನೆಂತಕ್ಕೆ ಮಾರಾಯ್ತಿ?" ಎಂದು ಅಪ್ಪ ಗದರಿದರೂ ನಿಲ್ಲಲಿಲ್ಲ.

ಇಲ್ಲಿ ಬಳ್ಳಿ ಕಾಯಿ ಬಿಟ್ಟ ವಾರವೇ ನಿಮ್ಮಲ್ಲಿ ದೊಡ್ಡವಳು ಶಾಲೆಯ ಪಾಠ ಓದಿ ಹೇಳಿದಳು. ಹಿಂದೆ ಯಾರೋ ಒಬ್ಬ ಬಿಳಿಯ ಇಲ್ಲಿಯ ಮೂಲ ಜನರಿಗೆ ಕಂಬಳಿ, ಚಾಕು, ಕನ್ನಡಿ ಕೊಟ್ಟು ಮೆಲ್ಬರ್ನಿನ ನೆಲವನ್ನೆಲ್ಲ ಬರೆಸಿಕೊಂಡನಂತೆ. ಸಿಡ್ನಿಯಲ್ಲಿದ್ದ ಗವರ್ನರರು ಇಂಗ್ಲೆಂಡಿನ ರಾಜನ ಹೆಸರಿನಲ್ಲಿ ಆಜ್ಞೆ ಹೊರಡಿಸಿ, ಆ ಪತ್ರ ಸಲ್ಲದು ಎಂದರಂತೆ.

"ಒಳ್ಳೆಯದಾಯ್ತಲ್ಲ. ನೆಲ ಅವರಿಗೆ ವಾಪಸು ಸಿಕ್ಕಿತು" ಎಂದೆ.

"ನೋ ಅಜ್ಜಿ. ಲ್ಯಾಂಡ್ ಕಿಂಗ್‌ದು, ಅವರದ್ದೇ ಅಲ್ಲ, ಅದಕ್ಕೆ ಸೆಲ್ ಮಾಡೋಕೆ ಆಗಲ್ಲ ಅಂತ."

"ರಾಜ ಇಲ್ಲಿಗೆ ಬಂದಿದ್ದನಾ?"

"ಇಲ್ಲ."

ಮೂರು ದಿನ ಅದೇ ತಲೆಯಲ್ಲಿ ಸುತ್ತಿತು. ಒಂದು ಕಾಗದ ನಮ್ಮನ್ನು ಒಡೆಯರನ್ನಾಗಿ ಮಾಡಿತ್ತು. ಇನ್ನೊಂದು ಕಾಗದ ಇಲ್ಲಿಯವರನ್ನು ಅವರದೇ ನೆಲದಲ್ಲಿ ಯಾರೂ ಅಲ್ಲದವರನ್ನಾಗಿ ಮಾಡಿತು. ಆ ನೆಲದ ಒಂದು ತುಂಡಿಗೆ ಈಗ ನಿಮ್ಮ ಅಮ್ಮ ಬಾಕ್ಸ್ ಹಿಲ್‌ನ ಆಸ್ಪತ್ರೆಯಲ್ಲಿ ದುಡಿದು ಮಾರ್ಟ್‌ಗೇಜ್ ಕಟ್ಟುತ್ತಾಳೆ. ಅವಳದ್ದೇನೂ ತಪ್ಪಿಲ್ಲ. ಆದರೆ ಕಾಯಿ ಯಾರದ್ದು? ನಿಮ್ಮ ಅಜ್ಜ ಇದ್ದಿದ್ದರೆ ಅವರನ್ನು ಕೇಳುತ್ತಿದ್ದೆ.

ಲೈಬ್ರರಿಯಲ್ಲಿ ಮಕ್ಕಳಿಗೆ ಕಥೆ ಓದುವ ಹೆಂಗಸು ಮೂಲ ಜನರ ಪೈಕಿಯವರು ಎಂದು ದೊಡ್ಡವಳು ಹೇಳಿದ್ದಳು. ಕಾಯಿಯನ್ನು ಚೀಲದಲ್ಲಿಟ್ಟುಕೊಂಡು ದೊಡ್ಡವಳನ್ನೂ ಜೊತೆಗೆ ಹೊರಡಿಸಿದೆ.

"ಅಜ್ಜಿ, ಪ್ಲೀಸ್. ತುಂಬಾ ಎಂಬರಾಸಿಂಗ್" ಎಂದು ದಾರಿಯುದ್ದಕ್ಕೂ ಗೊಣಗಿದಳು. ಆದರೂ ನಾನು ಹೇಳಿದ್ದನ್ನೆಲ್ಲ ಆ ಹೆಂಗಸಿಗೆ ಇಂಗ್ಲಿಷಿನಲ್ಲಿ ಹೇಳಿದಳು. ದಣಿಗಳ ಅಂಗಳವನ್ನೂ ಬಿಡಲಿಲ್ಲ. ನಾನು ಕಾಯಿಯನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದು ನಿಂತೆ. ಅಮ್ಮ ನಿಲ್ಲುತ್ತಿದ್ದಂತೆಯೇ ನಿಂತಿದ್ದೇನೆ ಎಂದು ಆಮೇಲೆ ಗೊತ್ತಾಯಿತು.

ಆಕೆ ನಿಧಾನವಾಗಿ ಏನೋ ಹೇಳಿದರು.

"ಅವ್ರು ಸಿಡ್ನಿ ಕಡೆಯವ್ರಂತೆ ಅಜ್ಜಿ. ಇಲ್ಲಿ ಅವ್ರೂ ಗೆಸ್ಟೇ ಅಂತೆ. ಇಲ್ಲಿಯವ್ರಿಗೆ ಕೊಡೋದನ್ನ ಅವ್ರು ತಗೊಳೋಕೆ ಆಗಲ್ಲ."

ನನಗೆ ನಾಚಿಕೆಯಾಯಿತು. ಮೂಲ ಜನರೆಲ್ಲರೂ ಒಂದೇ ಎಂದುಕೊಂಡಿದ್ದೆ. ಮಂಗಳೂರಿನವರ ಪಾಲನ್ನು ಬೀದರಿನವರಿಗೆ ಕೊಡಲು ಹೋದ ಹಾಗಾಗಿತ್ತು.

"ನಿಮ್ಮೂರಿನ ಆ ಓನರ್ ಒಳ್ಳೆಯವ್ರಾ ಅಂತ ಕೇಳ್ತಿದ್ದಾರೆ."

"ನೋ" ಎಂದು ನಾನೇ ಹೇಳಿಬಿಟ್ಟೆ. ಹೊರಗಿನವರೊಡನೆ ಅಷ್ಟು ಗಟ್ಟಿಯಾಗಿ ಎಂದೂ ಮಾತಾಡಿದವಳಲ್ಲ.

ಆಕೆ ನಕ್ಕರು.

"ಮತ್ತೆ ಅವ್ನಿಗೆ ಕೊಡೋ ಹಾಗೆ ಸೌತೆಕಾಯಿ ನಂಗ್ಯಾಕೆ ತಂದ್ರಿ ಅಂತೆ."

ಅಪ್ಪ ಅಮ್ಮನನ್ನು ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಆಕೆ ಕುರ್ಚಿ ಎಳೆದು ನನ್ನನ್ನು ಕೂರಿಸಿದರು. ಒಳಗಿನಿಂದ ಚಾಕು ತಂದು, ಕಾಯಿಯನ್ನು ಮೂರು ತುಂಡು ಮಾಡಿ, ಒಂದನ್ನು ನನ್ನ ಕೈಗಿಟ್ಟರು. ಅವರು ಕಚ್ಚಿದ ಮೇಲೆ ನಾನೂ ಕಚ್ಚಿದೆ. ತಿನ್ನುವಾಗಲೇ ಗಾಬರಿಯಾಯಿತು. ಮೊದಲ ಕಾಯಿ ಕೊಟ್ಟಂತಾಯಿತೇ, ಅಥವಾ ಕೊಡುವ ಮೊದಲೇ ನಾವೇ ತಿಂದಂತಾಯಿತೇ? ಇಲ್ಲಿಯವರನ್ನು ಎಲ್ಲಿ ಕಾಣಬೇಕೆಂದು ಆಕೆ ಚೀಟಿಯಲ್ಲಿ ಬರೆದುಕೊಟ್ಟರು. ಅದು ಇನ್ನೂ ನನ್ನ ಪರ್ಸಿನಲ್ಲಿದೆ.

ಮರುದಿನ ನೋಡಿದರೆ ನೀವಿಬ್ಬರೂ ನನ್ನನ್ನು ಕೇಳದೆ ಎರಡು ಕಾಯಿ ಕೊಯ್ದು ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದಿರಿ. ಬೇಡ ಎನ್ನಬೇಕೋ, ತಿನ್ನಿ ಎನ್ನಬೇಕೋ ತಿಳಿಯಲಿಲ್ಲ. ಒಳಗೆ ಹೋಗಿ ಉಪ್ಪು ತಂದುಕೊಟ್ಟೆ.